ಹಿಂದಿನ ಚಕ್ರದ ಲೆಕ್ಕ

ಮನಾಲಿಯಿಂದ ಲೇಹ್‌ಗೆ ಹೋಗುವಾಗ, ಲಾಚುಂಗ್ ಲಾ ಕಣಿವೆದಾರಿ ಇಳಿದು ಪಾಂಗ್ ಕಡೆಗೆ ಸಾಗುವ ದಾರಿ. ಡಾಂಬರು ಕಿತ್ತುಹೋಗಿ ಚೂಪು ಜಲ್ಲಿ ಮೇಲೆದ್ದಿದ್ದ ಒಂದು ತಿರುವಿನಲ್ಲಿ ನನ್ನ ಬೈಕಿನ ಹಿಂಬದಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೊನೆಯಿತು. ಮುಂದಿನ ಚಕ್ರದ ಗಾಳಿ ಹೋದರೆ ಹ್ಯಾಂಡಲ್ ಭಾರವಾಗುತ್ತದೆ. ಹಿಂದಿನದು ಹೋದರೆ ಸೀಟಿನ ಕೆಳಗಿನ ನೆಲವೇ ಜಾರಿದಂತಾಗುತ್ತದೆ. ಬ್ರೇಕ್ ಮುಟ್ಟದೆ, ಆಕ್ಸಿಲರೇಟರ್ ಬಿಟ್ಟು, ಬೈಕು ತಾನಾಗಿ ನಿಲ್ಲುವವರೆಗೆ ಕಾದೆ. ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಮೀಟರಿಗೂ ಎತ್ತರದ ಜಾಗ. ಹತ್ತು ಹೆಜ್ಜೆ ನಡೆದರೆ ಏದುಸಿರು.

ಹಿಂದೆ ಬರುತ್ತಿದ್ದ ಅಳಿಯ ತನ್ನ ಸ್ಪ್ಲೆಂಡರನ್ನು ಬದಿಗೆ ಹಾಕಿ ಬಂದು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತ. ನಿಧಾನವಾಗಿ ಚಕ್ರ ತಿರುಗಿಸಿದ. ಅರ್ಧ ಸುತ್ತಿಗೆ ಅವನ ಕೈ ನಿಂತಿತು.

“ಮಾವ, ಇದು ಬರೀ ಪಂಚರ್ ಅಲ್ಲ. ಟೈರೇ ಸೀಳಿದೆ.”

ಟೈರಿನ ಮೈಮೇಲೆ ಎದ್ದು ನಿಂತಿರುವ ರಬ್ಬರ್ ಗುಬ್ಬಿಗಳನ್ನು ಮೆಕ್ಯಾನಿಕ್‌ಗಳು ಬಟನ್ ಅನ್ನುತ್ತಾರೆ. ಅಂಥ ಎರಡು ಬಟನ್‌ಗಳ ನಡುವೆ ಹೆಬ್ಬೆರಳಿನ ಉಗುರಿನಷ್ಟು ಉದ್ದದ ಸೀಳು. ಬೆರಳಿನಿಂದ ಬಿಡಿಸಿ ನೋಡಿದರೆ ಒಳಗೆ ಬಿಳಿಯ ನೈಲಾನ್ ದಾರಗಳು ಹರಿದು ಕುಚ್ಚಾಗಿದ್ದವು. ಟೈರಿನ ಶಕ್ತಿ ಇರುವುದೆಲ್ಲ ಆ ದಾರಗಳಲ್ಲಿ. ಹೊರಗೆ ಕಾಣುವ ಕರಿ ರಬ್ಬರು ಅವುಗಳ ಮೇಲಿನ ಚರ್ಮವಷ್ಟೆ. ಹೊಸ ಟ್ಯೂಬ್ ನಮ್ಮ ಚೀಲದಲ್ಲಿತ್ತು, ಆದರೆ ಸೀಳಿದ ಟೈರಿನೊಳಗೆ ಹೊಸ ಟ್ಯೂಬ್ ಹಾಕಿ ಗಾಳಿ ತುಂಬಿದರೆ ಆ ಸೀಳಿನಿಂದ ಟ್ಯೂಬ್ ಗುಳ್ಳೆಯಾಗಿ ಹೊರಬಂದು ಎರಡೇ ಫರ್ಲಾಂಗಿನಲ್ಲಿ ಒಡೆಯುತ್ತದೆ.

ನಮ್ಮನ್ನು ಉಳಿಸಿದ್ದು ಒಂದು ಲಾರಿಯ ಕ್ಲೀನರ್ ಹುಡುಗ. ಎದುರಿನಿಂದ ಬಂದ ಲಾರಿ ನಿಂತಿತು, ಅವನು ಇಳಿದು ಬಂದು ನೋಡಿದ, ಏನೂ ಕೇಳದೆ ವಾಪಸು ಹೋಗಿ ಹಳೆ ಟೈರಿನ ಒಳಪದರದ ಒಂದು ತುಂಡು ತಂದ. ಅಂಗೈ ಅಗಲದ್ದು. ಅಂಚುಗಳನ್ನು ಚಾಕುವಿನಿಂದ ಓರೆಯಾಗಿ ಹೆರೆದು ತೆಳುವಾಗಿಸಿದ. “ಗೇಟರ್ ಹಾಕಿ ಸಾಬ್. ಲೇಹ್ ತನಕ ಹೋಗುತ್ತದೆ. ನಲವತ್ತು ದಾಟಿಸಬೇಡಿ” ಎಂದ. ನಮ್ಮೂರಿನ ಪಂಚರ್ ಅಂಗಡಿಗಳಲ್ಲೂ ಇದೇ ಮಾತು ನಡೆಯುತ್ತದೆ: ಗೇಟರ್. ಸೀಳಿನ ಒಳಬದಿಗೆ ಆ ತುಂಡನ್ನಿಟ್ಟು ಮೇಲೆ ಟ್ಯೂಬ್ ಕೂರಿಸಿ ಗಾಳಿ ಹೊಡೆದರೆ, ಟ್ಯೂಬಿನ ಒತ್ತಡವೇ ಅದನ್ನು ಟೈರಿಗೆ ಒತ್ತಿ ಹಿಡಿಯುತ್ತದೆ. ಅಂಟು ಬೇಡ, ಹೊಲಿಗೆ ಬೇಡ. ಗಾಳಿ ಹೊರಬರಲು ಎಷ್ಟು ಜೋರು ಮಾಡುತ್ತದೋ ಮುಚ್ಚಳ ಅಷ್ಟೇ ಭದ್ರವಾಗುತ್ತದೆ.

ಹೀಗೆ ಲೇಹ್‌ಗೆ ಸುಮಾರು 175 ಕಿಲೋಮೀಟರ್ ಉಳಿದಿರುವಾಗ, ಹಿಂದಿನ ಚಕ್ರಕ್ಕೆ ಹೊಸ ಟೈರನ್ನು ಎಲ್ಲಿಂದಾದರೂ ಹುಡುಕಿ ತರಲೇಬೇಕಾಯಿತು. ಅದು ಯಾವ ಊರಿನಲ್ಲಿ ಸಿಗುತ್ತದೆ, ಯಾವ ಊರಿನಲ್ಲಿ ಸಿಗುವುದಿಲ್ಲ ಎನ್ನುವುದರಲ್ಲಿ ಅದೃಷ್ಟದ ಪಾಲು ನಾವಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಟೈರ್ ಎಲ್ಲಿ ಮುಗಿಯುತ್ತದೆಂದು ಭೌತವಿಜ್ಞಾನ ಮುಂಚೆಯೇ ಹೇಳುತ್ತದೆ. ಹೊಸದು ಎಲ್ಲಿ ಸಿಗುತ್ತದೆಂದು ಆ ಊರಿನ ಬೀದಿಯಲ್ಲಿ ನಿಂತಿರುವ ಬೈಕುಗಳು ಹೇಳುತ್ತವೆ.

ಬೆಂಗಳೂರು ಬಿಡುವ ದಿನ ಹಿಂದಿನ ಟೈರಿನ ಬಟನ್‌ಗಳ ಆಳ ಅಳೆದಿದ್ದೆ. ಅದಕ್ಕೆಂದೇ ಬೆರಳುದ್ದದ ಒಂದು ಗೇಜ್ ಸಿಗುತ್ತದೆ. ಅದರ ಕಡ್ಡಿಯನ್ನು ಎರಡು ಬಟನ್‌ಗಳ ನಡುವಿನ ಕಾಲುವೆಗೆ ಇಳಿಬಿಟ್ಟರೆ ಎಷ್ಟು ಮಿಲಿಮೀಟರ್ ಎಂದು ತೋರಿಸುತ್ತದೆ. ಅಂದು 5.0 ಇತ್ತು. ಆ ಟೈರು ಆಗಲೇ ಕೆಲವು ಸಾವಿರ ಕಿಲೋಮೀಟರ್ ಓಡಿತ್ತು. ಜೂನ್ ತಿಂಗಳ ಬಿಸಿಲಿನಲ್ಲಿ ರಾಷ್ಟ್ರೀಯ ಹೆದ್ದಾರಿ 44ರ ಮೇಲೆ ನಾಗಪುರ ಮುಟ್ಟುವಾಗ 4.2. ಸುಮಾರು 2,000 ಕಿಲೋಮೀಟರ್ ಮುಗಿಸಿ ಆಗ್ರಾದಲ್ಲಿ ಇಳಿದಾಗ 3.5. ಅಂದರೆ ಒಂದೂವರೆ ಮಿಲಿಮೀಟರ್ ರಬ್ಬರು ದಾರಿಯಲ್ಲಿ ಉಳಿದಿತ್ತು.

ಆ ರಾತ್ರಿ ಲಾಡ್ಜಿನ ಮಂಚದ ಮೇಲೆ ಕೂತು ಒಂದು ಲೆಕ್ಕ ಹಾಕಿದೆ. ಇಂಥ ಲೆಕ್ಕ ಎಲ್ಲರೂ ಒಮ್ಮೆ ಹಾಕಿ ನೋಡಬೇಕು, ಅಷ್ಟು ಸೊಗಸಾಗಿದೆ. ನನ್ನ ಹಿಂದಿನ ಚಕ್ರದ ಸುತ್ತಳತೆ ಎರಡು ಮೀಟರಿಗಿಂತ ತುಸು ಹೆಚ್ಚು. ಎರಡು ಸಾವಿರ ಕಿಲೋಮೀಟರಿಗೆ ಅದು ಹೆಚ್ಚುಕಡಿಮೆ 10 ಲಕ್ಷ ಸುತ್ತು ಸುತ್ತಿರುತ್ತದೆ. ಒಂದೂವರೆ ಮಿಲಿಮೀಟರನ್ನು 10 ಲಕ್ಷದಿಂದ ಭಾಗಿಸಿದರೆ ಒಂದು ಸುತ್ತಿಗೆ ಒಂದೂವರೆ ನ್ಯಾನೊಮೀಟರ್. ಸಾಲಾಗಿ ನಿಲ್ಲಿಸಿದ ಹತ್ತು ಹನ್ನೆರಡು ಪರಮಾಣುಗಳ ಉದ್ದ ಅಷ್ಟೆ. ಚಕ್ರ ಒಮ್ಮೆ ಸುತ್ತಿದರೆ ಹತ್ತು ಪರಮಾಣುಗಳಷ್ಟು ದಪ್ಪದ ರಬ್ಬರು ರಸ್ತೆಗೆ. ನೂರು ಕಿಲೋಮೀಟರ್ ಓಡಿದರೆ ಒಂದು ತಲೆಗೂದಲಿನಷ್ಟು ದಪ್ಪ.

ಇದು ಸರಾಸರಿ ಲೆಕ್ಕ. ನಿಜವಾಗಿ ರಬ್ಬರು ಪದರ ಪದರವಾಗಿ ಹೋಗುವುದಿಲ್ಲ. ಕೈಗೆ ನುಣುಪೆನಿಸುವ ಡಾಂಬರು ಸೂಕ್ಷ್ಮವಾಗಿ ನೋಡಿದರೆ ಮುಳ್ಳುಬೆಟ್ಟ. ಅದರ ಒಂದೊಂದು ಮೊನೆಯೂ ರಬ್ಬರಿನ ಮೈಯನ್ನು ಕಚ್ಚಿ, ಎಳೆದು, ಬಿಡುತ್ತದೆ. ಎಳೆದಲ್ಲಿ ಸಣ್ಣ ನಾಲಿಗೆಯಂಥದೊಂದು ಏಳುತ್ತದೆ. ಸಾವಿರ ಸಲ ಎಳೆತ ತಿಂದು ಅದರ ಬುಡ ದಣಿದು ಹರಿಯುತ್ತದೆ, ಚೂರೊಂದು ಉದುರುತ್ತದೆ. ಬರೆದದ್ದನ್ನು ಅಳಿಸುವಾಗ ರಬ್ಬರಿನಿಂದ ಕರಿ ಎಳೆಗಳು ಉರುಳಿ ಬರುವುದನ್ನು ನೋಡಿದ ಯಾರಿಗೂ ಇದನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ.

ಅದೇ ದಿನ ಮುಂದಿನ ಟೈರನ್ನೂ ಅಳೆದೆ. ಅದು ಸವೆದಿದ್ದು ಗೇಜಿಗೆ ಸಿಗುವುದೇ ಕಷ್ಟ ಎನ್ನುವಷ್ಟು. ಎರಡೂ ಚಕ್ರ ಓಡಿದ್ದು ಒಂದೇ ದೂರ, ಒಂದೇ ರಸ್ತೆ. ಹಾಗಿದ್ದರೆ ಹಿಂದಿನದಕ್ಕೆ ಮಾತ್ರ ಈ ಗತಿ ಏಕೆ? ಭಾರ ಒಂದು ಕಾರಣ, ನನ್ನ ಚೀಲಗಳೆಲ್ಲ ಹಿಂದೆಯೇ ಇದ್ದವು. ದೊಡ್ಡ ಕಾರಣ ಬೇರೆ. ಹಿಂದಿನ ಚಕ್ರ ರಸ್ತೆಯನ್ನು ಹಿಂದಕ್ಕೆ ಒದ್ದು ಬೈಕನ್ನು ಮುಂದೆ ತಳ್ಳುತ್ತದೆ. ಹಾಗೆ ಒದೆಯಬೇಕಾದರೆ ಅದು ರಸ್ತೆಗಿಂತ ಕೂದಲೆಳೆಯಷ್ಟು ಬೇಗ ತಿರುಗಲೇಬೇಕು. ನೂರು ಮೀಟರ್ ರಸ್ತೆ ದಾಟಲು ಚಕ್ರ ನೂರೊಂದು ಮೀಟರಿನಷ್ಟು ಉರುಳಿರುತ್ತದೆ ಎಂದುಕೊಳ್ಳಿ. ಆ ಹೆಚ್ಚಿನ ಒಂದು ಮೀಟರ್ ಉಜ್ಜಾಟ. ನಾವು ಕಾಣದ, ಕೇಳದ ಜಾರಿಕೆ. ಒದೆಯುವ ಬಲ ಹೆಚ್ಚಿದಂತೆ ಜಾರಿಕೆಯೂ ಹೆಚ್ಚುತ್ತದೆ. ಸವೆತ ಎರಡರ ಗುಣಲಬ್ಧವಾದ್ದರಿಂದ ಬಲ ಎರಡು ಪಟ್ಟಾದರೆ ಸವೆತ ಸುಮಾರು ನಾಲ್ಕು ಪಟ್ಟು.

ಈ ಬಲ ಯಾತಕ್ಕೆ ಬೇಕು? ಸಮತಟ್ಟು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅದರ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಾಳಿಯ ಎದುರೊತ್ತು ವೇಗದ ವರ್ಗದಂತೆ ಏರುತ್ತದೆ. ನಾನು ಗಂಟೆಗೆ 90 ಕಿಲೋಮೀಟರಿನಲ್ಲಿ ಹೋಗುತ್ತಿದ್ದೆ, ಅಳಿಯ 60ರಲ್ಲಿ. ಅವನು ಬೆಳಗಿನ ಜಾವ ಹೊರಡುತ್ತಿದ್ದ, ನಾನು ತಿಂಡಿ ಮುಗಿಸಿ ಹೊರಟು ಮಧ್ಯಾಹ್ನದ ಹೊತ್ತಿಗೆ ಅವನನ್ನು ಹಿಡಿಯುತ್ತಿದ್ದೆ. ಸಂಜೆ ಇಬ್ಬರೂ ಒಂದೇ ಊರಿಗೆ. ನನ್ನ ಬೈಕಿಗೆ ಬೀಳುತ್ತಿದ್ದ ಗಾಳಿಯ ಎದುರೊತ್ತು, ಮೈಗಾತ್ರದ ವ್ಯತ್ಯಾಸ ಬಿಟ್ಟರೂ, ಅವನದರ ಎರಡೂಕಾಲು ಪಟ್ಟು. ಆಗ್ರಾದಲ್ಲಿ ಅವನ ಹಿಂದಿನ ಟೈರಿಗೂ ಗೇಜ್ ಇಳಿಸಿದೆ. ಅದೇ 2,000 ಕಿಲೋಮೀಟರಿಗೆ ಸವೆದಿದ್ದು ಅರ್ಧ ಮಿಲಿಮೀಟರ್. ನನ್ನದರ ಮೂರನೇ ಒಂದು ಪಾಲು. ದಿನಕ್ಕೆ ನಾನು ಉಳಿಸಿದ ಎರಡು ಮೂರು ಗಂಟೆಯನ್ನು ಟೈರು ತೆತ್ತಿತ್ತು.

ಬಿಸಿಲಿನ ಪಾಲೂ ಇದೆ. ನೆರಳಿನಲ್ಲಿ 44 ಡಿಗ್ರಿ ಇರುವ ದಿನ ರಸ್ತೆಯ ಮೈ 60 ಡಿಗ್ರಿ ದಾಟುತ್ತದೆ. ಅದರ ಮೇಲೆ ಟೈರು ತನ್ನದೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಬೈಕು, ಸವಾರ, ಸಾಮಾನು ಸೇರಿ ಹಿಂದಿನ ಚಕ್ರದ ಮೇಲೆ 150 ಕಿಲೋ ಇದೆ ಎಂದುಕೊಂಡರೆ, 32 ಪಿಎಸ್‌ಐ ಒತ್ತಡದ ಗಾಳಿಗೆ ಆ ಭಾರ ಹೊರಲು 67 ಚದರ ಸೆಂಟಿಮೀಟರ್ ನೆಲ ಸಾಕು. ಬೆರಳು ಬಿಟ್ಟರೆ ನಮ್ಮ ಅಂಗೈ ಅಷ್ಟೇ ಇರುವುದು. ಟೈರಿನ ಪ್ರತಿ ಭಾಗವೂ ಆ ಅಂಗೈಯಗಲದ ಜಾಗಕ್ಕೆ ಬಂದಾಗ ಚಪ್ಪಟೆಯಾಗುತ್ತದೆ, ದಾಟಿದೊಡನೆ ಮತ್ತೆ ದುಂಡಗಾಗುತ್ತದೆ. ಸೆಕೆಂಡಿಗೆ ಹನ್ನೆರಡು ಸಲ ಈ ಬಾಗುವಿಕೆ. ರಬ್ಬರು ಬಾಗುವಾಗ ಪಡೆದ ಶಕ್ತಿಯನ್ನೆಲ್ಲ ಹಿಂದಿರುಗಿಸುವುದಿಲ್ಲ, ಒಂದು ಪಾಲನ್ನು ಶಾಖ ಮಾಡಿ ಇಟ್ಟುಕೊಳ್ಳುತ್ತದೆ. ಗಾಳಿ ಕಡಿಮೆ ಇದ್ದರೆ ಬಾಗುವಿಕೆ ಹೆಚ್ಚು, ಶಾಖವೂ ಹೆಚ್ಚು. ದೂರದ ಪ್ರಯಾಣದಲ್ಲಿ ಬೆಳಿಗ್ಗೆ ಎದ್ದೊಡನೆ, ಟೈರು ತಣ್ಣಗಿರುವಾಗಲೇ ಗಾಳಿ ನೋಡುವುದು ಹಲ್ಲುಜ್ಜುವಷ್ಟೇ ಅಭ್ಯಾಸವಾಗಬೇಕು.

ಆಗ್ರಾದ ಲೆಕ್ಕದ ಪ್ರಕಾರ, ಇದೇ ರೀತಿ ಸವೆದರೆ ಬೆಂಗಳೂರಿನಿಂದ 4,000 ಕಿಲೋಮೀಟರಿಗೆ ಆಳ 2 ಮಿಲಿಮೀಟರಿಗೆ ಇಳಿಯಬೇಕು. ದ್ವಿಚಕ್ರಗಳಿಗೆ ನಮ್ಮ ಮೋಟಾರು ವಾಹನ ನಿಯಮ ಹಾಕಿದ ಗಡಿ 0.8 ಮಿಲಿಮೀಟರ್. ಟೈರಿನ ಕಾಲುವೆಗಳ ತಳದಲ್ಲಿ ಅದನ್ನು ತೋರಿಸುವ ಸಣ್ಣ ದಿಬ್ಬಗಳೂ ಇರುತ್ತವೆ. ಆದರೆ ಹಿಮನದಿಯ ನೀರು ರಸ್ತೆ ದಾಟುವ ಕಡೆಗಳಲ್ಲಿ ಆ ಗಡಿಯವರೆಗೆ ಕಾಯುವುದು ತಪ್ಪು ಎಂದು ನನ್ನ ನಂಬಿಕೆ. ತೆಳ್ಳಗಾದ ಟೈರು ನೀರನ್ನು ಬದಿಗೆ ತಳ್ಳಲಾರದು, ಕಲ್ಲಿನ ಚೂಪಿಗೂ ಬೇಗ ಸೋಲುತ್ತದೆ. ಲೇಹ್ ಇರುವುದು ಬೆಂಗಳೂರಿನಿಂದ ಸುಮಾರು 3,100 ಕಿಲೋಮೀಟರಿನಲ್ಲಿ. ಹೋಗಲು ಟೈರು ಸಾಕು, ತಿರುಗಿ ಬರಲು ಸಾಲದು. “ಇಲ್ಲೇ ಒಂದು ತಗೊಂಡು ಕಟ್ಟಿಕೊಂಡು ಹೋಗೋಣ ಮಾವ” ಎಂದ ಅಳಿಯ.

ಮಾರನೆಯ ಬೆಳಿಗ್ಗೆ ಮೂರು ಅಂಗಡಿ ಕೇಳಿದೆವು. ಎಲ್ಲ ಕಡೆ ಟೈರುಗಳು ಚಾವಣಿ ಮುಟ್ಟುವಷ್ಟಿದ್ದವು. ನನಗೆ ಬೇಕಾದದ್ದು ಮಾತ್ರ ಇರಲಿಲ್ಲ.

ನನ್ನ ಬೈಕು ರಾಯಲ್ ಎನ್‌ಫೀಲ್ಡ್ ಹಿಮಾಲಯನ್, ಹಳೆಯ 411 ಸಿಸಿಯದು. ಅದರ ಹಿಂದಿನ ಟೈರಿನ ಗೋಡೆಯ ಮೇಲೆ 120/90-17 ಎಂದು ಅಚ್ಚಾಗಿದೆ. ಒಂದೇ ಸಾಲಿನಲ್ಲಿ ಮೂರು ಬಗೆಯ ಅಳತೆ ಸೇರಿಕೊಂಡಿದೆ ನೋಡಿ. 120 ಎಂದರೆ ಅಗಲ, ಮಿಲಿಮೀಟರಿನಲ್ಲಿ. 90 ಎಂದರೆ ಶೇಕಡಾ: ಗೋಡೆಯ ಎತ್ತರ ಅಗಲದ ಶೇ. 90, ಅಂದರೆ 108 ಮಿಲಿಮೀಟರ್. 17 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಮುಂದೆ 64ಎಸ್ ಎಂದಿದ್ದರೆ ಆ ಟೈರು 280 ಕಿಲೋ ಹೊರಬಲ್ಲದು, ಗಂಟೆಗೆ 180 ಕಿಲೋಮೀಟರ್ ವೇಗದವರೆಗೆ ತಡೆಯಬಲ್ಲದು ಎಂಬ ಮಾತು.

ಇವುಗಳಲ್ಲಿ ಚೌಕಾಸಿಗೆ ಒಗ್ಗದ ಸಂಖ್ಯೆ 17. ಟೈರು ರಿಮ್ಮಿನ ಮೇಲೆ ಕೂರುವ ಅಂಚಿನೊಳಗೆ ಉಕ್ಕಿನ ತಂತಿಯ ಬಳೆ ಇರುತ್ತದೆ. 1890ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೆಲ್ಚ್ ಎಂಬಾತ ಪೇಟೆಂಟ್ ಪಡೆದ ಉಪಾಯ ಅದು. ಅದಕ್ಕೂ ಮುಂಚೆ ಗಾಳಿ ಟೈರನ್ನು ರಿಮ್ಮಿಗೆ ಅಂಟಿಸಬೇಕಿತ್ತು, ಪಂಚರ್ ಆದರೆ ಬಿಡಿಸುವುದೇ ದೊಡ್ಡ ಕೆಲಸ. ವೆಲ್ಚ್‌ನ ಬಳೆ ಹಿಗ್ಗುವುದಿಲ್ಲ. ಗಾಳಿ ತುಂಬಿದಾಗ ಟೈರು ರಿಮ್ಮಿಗೆ ಕಚ್ಚಿಕೊಳ್ಳುವುದು ಅದು ಹಿಗ್ಗದ ಕಾರಣಕ್ಕೇ. ಹಾಗಾಗಿ 17ರ ರಿಮ್ಮಿಗೆ 18ರ ಟೈರು ಯಾವ ಕಾಲಕ್ಕೂ ಆಗುವುದಿಲ್ಲ.

ಅಗಲ ಮತ್ತು ಎತ್ತರದಲ್ಲಿ ಸ್ವಲ್ಪ ಹೊಂದಾಣಿಕೆ ಸಾಧ್ಯ. ಕೆಟಿಎಂ 390 ಅಡ್ವೆಂಚರ್ ಬೈಕಿನ ಹಿಂದಿನ ಟೈರು 130/80-17. ಅದರ ಗೋಡೆ 104 ಮಿಲಿಮೀಟರ್. ಒಟ್ಟು ವ್ಯಾಸ ಲೆಕ್ಕ ಹಾಕಿದರೆ ನನ್ನದಕ್ಕಿಂತ ಎಂಟೇ ಮಿಲಿಮೀಟರ್ ಕಡಿಮೆ, ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ವ್ಯತ್ಯಾಸ. ಆದರೆ ಅಗಲ ಹತ್ತು ಮಿಲಿಮೀಟರ್ ಹೆಚ್ಚು. ಅದು ಚೈನಿಗೆ ತಾಗದೆ ನಿಲ್ಲುತ್ತದೆಯೇ, ನನ್ನ ರಿಮ್ಮಿನ ಅಗಲಕ್ಕೆ ಒಪ್ಪುತ್ತದೆಯೇ ಎಂದು ಕೂರಿಸಿ ನೋಡಬೇಕು. ಕಿರಿದಾದ ರಿಮ್ಮಿನ ಮೇಲೆ ಅಗಲ ಟೈರು ಹಾಕಿದರೆ ಅದು ಹಿಂಡಿದಂತಾಗಿ ನಡು ಉಬ್ಬುತ್ತದೆ, ನೆಲ ಮುಟ್ಟುವುದು ನಡುಪಟ್ಟಿ ಮಾತ್ರ. ಕಷ್ಟಕಾಲಕ್ಕೆ ಇಂಥ ಬದಲಿ ಗೊತ್ತಿರಬೇಕು. ಹೊರಡುವ ಮುಂಚೆಯೇ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಅಂಗಡಿಯವನ ಮುಂದೆ ನಿಂತು ಗುಣಾಕಾರ ಮಾಡಬೇಕಾಗಿಲ್ಲ.

ಆಗ್ರಾದ ಅಂಗಡಿಗಳ ರಾಶಿಯಲ್ಲಿ ಹೆಚ್ಚಿನವು 80/100-18. ಅದು ಅಳಿಯನ ಸ್ಪ್ಲೆಂಡರಿನ ಅಳತೆ. ನಾನು ನನ್ನ ಟೈರು ಕೇಳುತ್ತಿದ್ದಾಗ ಅವನು ಆ ರಾಶಿಯ ಮೇಲೆ ಕೈಯಿಟ್ಟು ನಿಂತಿದ್ದ. ಬೆಂಗಳೂರಿನಿಂದ ಅಲ್ಲಿಯವರೆಗೆ ಯಾವ ತಾಲ್ಲೂಕಿನಲ್ಲಿ ನಿಂತಿದ್ದರೂ ಅವನಿಗೆ ಟೈರು ಸಿಗುತ್ತಿತ್ತು. ಹಾಲು ಹಾಕುವವರು, ಮೇಷ್ಟ್ರು, ಪೋಸ್ಟ್‌ಮ್ಯಾನ್, ತರಕಾರಿ ವ್ಯಾಪಾರಿ ಏರುವ ಬೈಕು ಅದು. ಟೈರ್ ಅಂಗಡಿ ತನ್ನ ಊರಿನವರು ಏನು ಓಡಿಸುತ್ತಾರೋ ಅದನ್ನಷ್ಟೇ ಇಡುತ್ತದೆ. ದಾರಿಹೋಕನ ಸಲುವಾಗಿ ಯಾರೂ ಬಂಡವಾಳ ಹಾಕಿ ಕೂರುವುದಿಲ್ಲ.

ಇದನ್ನು ನನಗಿಂತ ತೊಂಬತ್ತು ವರ್ಷ ಮುಂಚೆ ಚೆನ್ನಾಗಿ ಅರ್ಥ ಮಾಡಿಕೊಂಡವನು ಅಮೆರಿಕದ ರಾಬರ್ಟ್ ಎಡಿಸನ್ ಫುಲ್ಟನ್. 1932ರಲ್ಲಿ ಲಂಡನ್ನಿನಿಂದ ಡಗ್ಲಸ್ ಬೈಕು ಏರಿ ಹೊರಟು, ತುರ್ಕಿ, ಇರಾಕ್, ಭಾರತ, ಚೀನಾ, ಜಪಾನ್ ಹಾದು, 1933ರ ಕೊನೆಗೆ ನ್ಯೂಯಾರ್ಕ್ ಮುಟ್ಟಿದ. ಹೊರಡುವ ಮುನ್ನ ಆತ ಮಾಡಿಸಿದ ಮಾರ್ಪಾಡುಗಳಲ್ಲಿ ನನಗೆ ಅತ್ಯಂತ ಜಾಣತನದ್ದು ಎನಿಸುವುದು ಒಂದು: ಬೈಕಿಗೆ ಕಾರಿನ ಟೈರು. ತಿರುವಿನಲ್ಲಿ ಬೈಕು ವಾಲಬೇಕು, ಅದಕ್ಕೇ ಬೈಕಿನ ಟೈರು ದುಂಡಗಿರುತ್ತದೆ. ಕಾರಿನದು ಚಪ್ಪಟೆ, ವಾಲಲು ಒಪ್ಪುವುದಿಲ್ಲ. ಆದರೆ ಆ ಕಾಲದ ಬಾಗ್ದಾದಿನಲ್ಲಾಗಲಿ ಕಲ್ಕತ್ತೆಯಲ್ಲಾಗಲಿ ಕಾರಿನ ಟೈರು ಹುಡುಕಿದರೆ ಸಿಗುವ ವಸ್ತು. ತಿರುವಿನ ಸುಖ ಬಿಟ್ಟು ಊರೂರಿನ ಅಂಗಡಿಯನ್ನು ತನ್ನದು ಮಾಡಿಕೊಂಡ. ಮುಂದೆ ಇದೇ ಮನುಷ್ಯ ರಸ್ತೆಯ ಮೇಲೆ ಓಡಬಲ್ಲ ವಿಮಾನವನ್ನೂ, ನೆಲದ ಮೇಲಿನ ಮನುಷ್ಯನನ್ನು ಹಾರುವ ವಿಮಾನಕ್ಕೆ ಎತ್ತಿಕೊಳ್ಳುವ ಸಾಧನವನ್ನೂ ಮಾಡಿದ.

ಇಂದಿಗೂ ಭೂಪಟ ಬದಲಾದಂತೆ ಟೈರಿನ ಅಳತೆ ಬದಲಾಗುತ್ತದೆ. ಉಗಾಂಡಾದ ರಸ್ತೆಗಳಲ್ಲಿ ಬಾಡಿಗೆಗೆ ಓಡುವ ಬೋಡಾಬೋಡಾ ಬೈಕುಗಳಲ್ಲಿ ನಮ್ಮ ದೇಶದಲ್ಲಿ ತಯಾರಾದ ಬಜಾಜ್ ಬಾಕ್ಸರ್ ಬಹಳ. ಹೊಸೂರಿನ ಟಿವಿಎಸ್ ಕಂಪನಿಯ ಎಚ್‌ಎಲ್‌ಎಕ್ಸ್ ಕೂಡ ಆಫ್ರಿಕಾದಲ್ಲಿ ಓಡುತ್ತದೆ. ಹಾಗಾಗಿ ಅಲ್ಲಿನ ಸಣ್ಣ ಊರಿನಲ್ಲೂ 17 ಇಂಚಿನ ಕಿರಿ ಟೈರು ಸಿಗುತ್ತದೆ. ದೊಡ್ಡ ಯುರೋಪಿಯನ್ ಬೈಕಿನವರು ರಾಜಧಾನಿಗೆ ಪಾರ್ಸೆಲ್ ತರಿಸಿಕೊಂಡು ಕಾಯಬೇಕಾಗುತ್ತದೆ. ದೊಡ್ಡ ಬೈಕಿನಲ್ಲಿ ಹೊರಟವರು ಹಿಂದೆ ಒಂದು ಟೈರು ಕಟ್ಟಿಕೊಂಡು ಸಾವಿರಾರು ಕಿಲೋಮೀಟರ್ ಹೊರುವುದು ಇದಕ್ಕೇ.

ಆಗ್ರಾ ದಾಟಿದ ಮೇಲೆ ಮಂಡಿಯಲ್ಲೂ ಕೇಳಿದೆ. ಇರಲಿಲ್ಲ. ಮನಾಲಿಯಲ್ಲಿ ಗೇಜ್ 3.1 ತೋರಿಸಿತು. ಲೆಕ್ಕಕ್ಕಿಂತ ಕಡಿಮೆ ಸವೆದಿತ್ತು. ಘಟ್ಟದಲ್ಲಿ ವೇಗ ಇಳಿದಿತ್ತು, ರಸ್ತೆ ತಣ್ಣಗಿತ್ತು. ನನಗೆ ಧೈರ್ಯ ಬಂತು. ಆದರೆ ಟೈರಿಗೆ ಸಾವು ಎರಡು ದಾರಿಯಲ್ಲಿ ಬರುತ್ತದೆ. ಸವೆತ ಲೆಕ್ಕಕ್ಕೆ ಸಿಗುತ್ತದೆ. ಸೀಳು ಸಿಗುವುದಿಲ್ಲ. ಉಳಿದ ರಬ್ಬರು ತೆಳುವಾದಷ್ಟೂ ಚೂಪು ಕಲ್ಲು ದಾರವನ್ನು ಮುಟ್ಟುವ ಸಾಧ್ಯತೆ ಹೆಚ್ಚು ಎಂಬಲ್ಲಿ ಮಾತ್ರ ಎರಡೂ ದಾರಿ ಕೂಡುತ್ತವೆ. ಲಾಚುಂಗ್ ಲಾದ ಇಳಿಜಾರಿನಲ್ಲಿ ಆದದ್ದು ಅದೇ.

ಗೇಟರ್ ಹಾಕಿದ ಟೈರಿನಲ್ಲಿ, ಪ್ರತಿ ಸುತ್ತಿಗೂ ಸೀಟಿನ ಕೆಳಗೆ ಸಣ್ಣದಾಗಿ ಎತ್ತಿದಂತೆ ತಿಳಿಯುತ್ತಿತ್ತು. ಮೋರೆ ಬಯಲನ್ನು ದಾಟಿ ತಂಗ್ಲಾಂಗ್ ಲಾ ಏರಿದೆವು. 5,300 ಮೀಟರ್. ಅಲ್ಲಿ ಇಬ್ಬರು ಸವಾರರು ವಾಲ್ವಿನ ಪಿನ್ನು ಒತ್ತಿ ಗಾಳಿ ಬಿಡುತ್ತಿದ್ದರು. ಎತ್ತರದಲ್ಲಿ ಹೊರಗಿನ ಗಾಳಿ ತೆಳುವಾದ್ದರಿಂದ ಟೈರು ಉಬ್ಬಿ ಒಡೆಯುತ್ತದೆ ಎಂಬುದು ಆ ದಾರಿಯಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಇದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 13.2 ಪಿಎಸ್‌ಐ. ಪಂಪಿನ ಗೇಜ್ 32 ತೋರಿಸಿದರೆ ಟೈರಿನೊಳಗಿನ ನಿಜ ಒತ್ತಡ ಎರಡೂ ಸೇರಿ 45.2. ತಂಗ್ಲಾಂಗ್ ಲಾದ ಮೇಲೆ ಹೊರಗಿನ ಒತ್ತಡ 7.5ಕ್ಕೆ ಇಳಿದಿರುತ್ತದೆ. ತಾಪಮಾನ ಬದಲಾಗದಿದ್ದರೆ ಗೇಜ್ ಸುಮಾರು 38 ತೋರಿಸಬೇಕು. ಆದರೆ ತಾಪಮಾನ ಬದಲಾಗುತ್ತದೆ. 30 ಡಿಗ್ರಿಯಲ್ಲಿ ತುಂಬಿದ ಗಾಳಿ ಸೊನ್ನೆ ಡಿಗ್ರಿಗೆ ತಣಿದರೆ ಅದರ ಒತ್ತಡ ಹತ್ತರಲ್ಲಿ ಒಂದು ಪಾಲು ಕುಗ್ಗಿ 45.2 ಇದ್ದದ್ದು 40.7 ಆಗುತ್ತದೆ. ಅದರಿಂದ 7.5 ಕಳೆದರೆ ಉಳಿಯುವುದು 33. ಎತ್ತರ ಕೊಟ್ಟದ್ದನ್ನು ಚಳಿ ಬಹುಪಾಲು ವಾಪಸು ಪಡೆಯಿತು. ಓಡಿ ಬಿಸಿಯಾದ ಟೈರಿನಲ್ಲಿ ಇದಕ್ಕಿಂತ ಎರಡು ಮೂರು ಹೆಚ್ಚಿರಬಹುದು, ಅದನ್ನು ಟೈರು ತಡೆಯುತ್ತದೆ. ಸುಮ್ಮನೆ ಅಂದಾಜಿನಲ್ಲಿ ಗಾಳಿ ಬಿಟ್ಟರೆ ಕಲ್ಲಿಗೆ ಬಡಿದಾಗ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕಚ್ಚಿಸಿಕೊಳ್ಳುತ್ತದೆ. ಆ ಇಬ್ಬರಿಗೂ ನನ್ನ ಗೇಜ್ ಕೊಟ್ಟೆ. ಅವರದು ಆಗಲೇ 24ಕ್ಕೆ ಇಳಿದಿತ್ತು. ಅಳಿಯನ ಕೈಪಂಪಿನಲ್ಲಿ ಮತ್ತೆ ಹೊಡೆದುಕೊಂಡರು. ಆ ಎತ್ತರದಲ್ಲಿ ಪಂಪ್ ಹೊಡೆಯುವುದು ಎಂಥ ಕೆಲಸ ಎಂದು ಹೊಡೆದವರಿಗೇ ಗೊತ್ತು.

ಲೇಹ್ ಪೇಟೆಗೆ ಹೊಕ್ಕಾಗ ಸಂಜೆ. ಮೊದಲು ನೋಡಿದ್ದು ಟೈರ್ ಅಂಗಡಿಯನ್ನಲ್ಲ, ಬೀದಿಯನ್ನು. ಬಾಡಿಗೆ ಬೈಕಿನ ಅಂಗಡಿಗಳ ಮುಂದೆ ಸಾಲಾಗಿ ಹಿಮಾಲಯನ್‌ಗಳು ನಿಂತಿದ್ದವು. ಹೊರಗಿನ ಊರುಗಳಿಂದ ಬಾಡಿಗೆಗೆ ತಂದ ಬೈಕುಗಳನ್ನು ಅಲ್ಲಿನ ಸುತ್ತಾಟಕ್ಕೆ ಓಡಿಸಲು ಸ್ಥಳೀಯ ಬಾಡಿಗೆದಾರರ ಸಂಘ ಬಿಡುವುದಿಲ್ಲ. ವಿಮಾನದಲ್ಲಿ ಬಂದವರೂ ಮನಾಲಿಯಿಂದ ಬಾಡಿಗೆ ಬೈಕಿನಲ್ಲಿ ಬಂದವರೂ ನುಬ್ರಾ ಕಣಿವೆಗೋ ಪ್ಯಾಂಗಾಂಗ್ ಸರೋವರಕ್ಕೋ ಹೋಗಬೇಕೆಂದರೆ ಲೇಹ್‌ನ ಬೈಕನ್ನೇ ಪಡೆಯಬೇಕು. ಅದಕ್ಕೇ ಊರಿನ ಗಾತ್ರಕ್ಕೆ ಮೀರಿದ ಬೈಕುಗಳು ಅಲ್ಲಿವೆ. ಆ ಬೈಕುಗಳ ಟೈರುಗಳು ಆ ರಸ್ತೆಗಳಲ್ಲಿ ಬೇಗ ಸೀಳುತ್ತವೆ. ಹಾಗಾಗಿ ಕೋಟಿ ಜನರ ಬಯಲು ನಾಡಿನಲ್ಲಿ ಹುಡುಕಿಯೂ ಸಿಗದ 120/90-17, ಚಳಿಗಾಲದಲ್ಲಿ ಹಿಮಕ್ಕೆ ರಸ್ತೆ ಮುಚ್ಚುವ ಈ ಊರಿನಲ್ಲಿ ಎರಡನೆಯ ಅಂಗಡಿಯಲ್ಲೇ ಸಿಕ್ಕಿತು. ಒಂದಲ್ಲ, ಎರಡು.

ಆಯ್ಕೆಯಲ್ಲಿ ಅರ್ಧ ಗಂಟೆ ಹೋಯಿತು, ಆ ಅರ್ಧ ಗಂಟೆಯ ಬಗ್ಗೆ ನನಗೆ ಇಂದಿಗೂ ಸಂತೋಷವಿದೆ. ಒಂದು ಟೈರು ಹೊರಗೆ ಮೊಳೆಗೆ ನೇತುಹಾಕಿದ್ದು. ಇನ್ನೊಂದು ಒಳಕೋಣೆಯಲ್ಲಿ, ಕಾಗದದ ಪಟ್ಟಿ ಸುತ್ತಿ ನೆಟ್ಟಗೆ ನಿಲ್ಲಿಸಿದ್ದು. ಟೈರಿನ ಗೋಡೆಯ ಮೇಲೆ ಅದು ಹುಟ್ಟಿದ ದಿನವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಹೊರಗಿನದರ ಮೇಲೆ 1821, ಅಂದರೆ 2021ರ ಹದಿನೆಂಟನೆಯ ವಾರ. ಒಳಗಿನದರ ಮೇಲೆ 1420. ಹೊರಗಿನದು ಒಂದು ವರ್ಷ ಎಳೆಯದು.

“ಹೊಸದೇ ತಗೊಳ್ಳಿ ಭಾಯ್ ಸಾಬ್” ಎಂದ ಮೆಕ್ಯಾನಿಕ್. ಬೇಸಿಗೆಯ ನಾಲ್ಕು ತಿಂಗಳ ಕೆಲಸಕ್ಕೆ ಬಿಹಾರದಿಂದ ಬರುವವನು.

ನಾನು ಎರಡರ ಗೋಡೆಯನ್ನೂ ಹೆಬ್ಬೆರಳಿನಿಂದ ಒತ್ತಿ ಬಾಗಿಸಿ ನೋಡಿದೆ. ಹೊರಗಿನದರಲ್ಲಿ, ಮೊಳೆ ತಾಗಿ ಬಾಗಿದ್ದ ಕಡೆ, ಒಣಗಿದ ಕೆರೆಯಂಗಳದಂತೆ ಕೂದಲೆಳೆಯ ಬಿರುಕುಗಳು ಬಾಯಿ ಬಿಟ್ಟವು. ಒಳಗಿನದರಲ್ಲಿ ಒಂದೂ ಇಲ್ಲ. ಅದರ ಮೈ ಮಾತ್ರ ಕಂದುಬಣ್ಣಕ್ಕೆ ತಿರುಗಿತ್ತು.

ಈ ಬಿರುಕು ಮತ್ತು ಈ ಕಂದುಬಣ್ಣ ಎರಡಕ್ಕೂ ಒಂದೇ ಕಥೆ. ನಾನು ಹುಟ್ಟಿದ್ದು ಸುಳ್ಯದ ಕಡೆ, ನಮ್ಮ ತೋಟದ ಅಂಚಿನಲ್ಲಿ ರಬ್ಬರ್ ಮರಗಳಿದ್ದವು. ಬೆಳಕು ಹರಿಯುವ ಮುಂಚೆ ಟ್ಯಾಪಿಂಗ್‌ಗೆ ಹೋಗಬೇಕು. ತಂಪು ಹೊತ್ತಿನಲ್ಲಿ ತೊಗಟೆಯೊಳಗೆ ಒತ್ತಡ ಹೆಚ್ಚಿರುತ್ತದೆ, ಹಾಲು ಹೆಚ್ಚು ಹೊತ್ತು ಇಳಿಯುತ್ತದೆ. ಗೆರಟೆಯಲ್ಲಿ ಹಿಡಿದ ಆ ಹಾಲು ಹೆಪ್ಪುಗಟ್ಟಿ ಶೀಟ್ ಆದಾಗ, ಅದು ಉದ್ದುದ್ದ ಅಣುಸರಪಳಿಗಳ ರಾಶಿ. ಬಿಸಿಗೆ ಅಂಟಂಟು, ಚಳಿಗೆ ಬಿರುಸು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದಾಗ ಆ ಸರಪಳಿಗಳ ನಡುವೆ ಗಂಧಕದ ಕೊಂಡಿಗಳು ಬಿದ್ದವು, ರಬ್ಬರಿಗೆ ಎಳೆದರೆ ಮರಳುವ ನೆನಪು ಬಂತು. ಮೊದಮೊದಲ ಟೈರುಗಳು ಸತುವಿನ ಆಕ್ಸೈಡ್ ಬೆರೆಸಿ ಬಿಳಿಯಾಗಿದ್ದವು. ಇಂಗಾಲದ ಮಸಿ ಸೇರಿಸಿದರೆ ಸವೆತ ಬಹಳ ಕಡಿಮೆಯಾಗುತ್ತದೆಂದು ತಿಳಿದ ಮೇಲೆ, 1910ರ ದಶಕದಿಂದ, ಟೈರು ಕರಿದಾಯಿತು.

ಇಷ್ಟಾದರೂ ಆ ಸರಪಳಿಯಲ್ಲಿ ಒಂದು ದುರ್ಬಲ ಜಾಗ ಉಳಿದೇ ಇದೆ: ಇಂಗಾಲದ ಜೋಡಿಕೊಂಡಿಗಳು. ಗಾಳಿಯಲ್ಲಿರುವ ಓಜೋನ್ ಅವನ್ನು ಹುಡುಕಿ ಕತ್ತರಿಸುತ್ತದೆ. ರಬ್ಬರು ಎಳೆದು ನಿಂತ ಕಡೆ ಕತ್ತರಿಸಿದ ತುದಿಗಳು ದೂರ ಸರಿದು ಬಿರುಕು ತೆರೆಯುತ್ತದೆ. ಮೊಳೆಯ ಮೇಲಿನ ಬಾಗು ಅಂಥ ಜಾಗ. ಜೊತೆಗೆ ಸಾವಿರ ಮೀಟರ್ ಏರಿದಂತೆಲ್ಲ ನೇರಳಾತೀತ ಬೆಳಕು ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಲೇಹ್ ಇರುವುದು 3,500 ಮೀಟರಿನಲ್ಲಿ. ಓಜೋನನ್ನು ತಡೆಯಲು ಟೈರಿಗೆ 6ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಅದು ಒಳಗಿನಿಂದ ಮೆಲ್ಲಗೆ ಮೈಮೇಲೆ ಬಂದು, ಓಜೋನಿಗೆ ತಾನೇ ಮೊದಲು ಬಲಿಯಾಗಿ, ಕಂದುಬಣ್ಣವಾಗುತ್ತದೆ. ಒಳಕೋಣೆಯ ಟೈರಿನ ಕಂದು ಮೈ ನೋಡಿ ಅದು ಹಳತಾಗಿ ಹಾಳಾಗಿದೆ ಎಂದುಕೊಳ್ಳುವವರೇ ಹೆಚ್ಚು. ಅದು ಕಾವಲು ಎಚ್ಚರವಾಗಿದೆ ಎಂಬುದರ ಗುರುತು. ಕತ್ತಲಿನ, ತಣ್ಣನೆಯ ಕೋಣೆಯಲ್ಲಿ ರಬ್ಬರು ಬಹಳ ನಿಧಾನವಾಗಿ ಮುಪ್ಪಾಗುತ್ತದೆ. ಟೈರಿಗೆ ಲದಾಖಿನ ಚಳಿಗಾಲ ಒಳ್ಳೆಯ ಉಗ್ರಾಣ.

ಈ 6ಪಿಪಿಡಿಗೆ ಇನ್ನೊಂದು ಮುಖವೂ ಇದೆ, ಅದನ್ನು ಹೇಳದೆ ಬಿಡಲಾರೆ. ಓಜೋನಿನೊಂದಿಗೆ ಕೂಡಿ ಅದು ಆಗುವ ಒಂದು ಸಂಯುಕ್ತ, ಮಳೆನೀರಿನಲ್ಲಿ ಹೊಳೆ ಸೇರಿ, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮೊಟ್ಟೆಯಿಡಲು ಬರುವ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆ ಎಂದು 2020ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದಕ್ಕೆ ಬದಲಿ ಹುಡುಕುವ ಕೆಲಸ ನಡೆದಿದೆ. ಸುತ್ತಿಗೆ ಹತ್ತು ಪರಮಾಣುಗಳಂತೆ ನಾನು ಹೆದ್ದಾರಿಯ ಉದ್ದಕ್ಕೂ ಉದುರಿಸಿ ಬಂದ ರಬ್ಬರು ಮಾಯವಾಗಿಲ್ಲ. ತುಂಗಭದ್ರೆ, ಕೃಷ್ಣೆ, ಗೋದಾವರಿ, ನರ್ಮದೆ, ಚಂಬಲ್, ಎಲ್ಲ ಸೇತುವೆಗಳನ್ನೂ ನಾನು ದಾಟಿದ್ದೆ.

ಒಳಕೋಣೆಯ ಹಳೆಯದನ್ನೇ ತೆಗೆದುಕೊಂಡೆ. ಮೆಕ್ಯಾನಿಕ್ ಒಂದು ಕ್ಷಣ ನನ್ನ ಮುಖ ನೋಡಿ, ಹೊರಗಿನ ಟೈರಿನ ಬಿರುಕನ್ನು ತಾನೂ ಒತ್ತಿ ನೋಡಿದ. ಅದನ್ನು ಮೊಳೆಯಿಂದ ಇಳಿಸಿ ಒಳಗೆ ಇಟ್ಟ.

ಚಕ್ರ ಬಿಚ್ಚಿ ನೆಲಕ್ಕೆ ಮಲಗಿಸಿ, ಟೈರಿನ ಒಂದು ಬದಿಯ ಅಂಚನ್ನು ತುಳಿದು ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿದ. ಉಕ್ಕಿನ ಬಳೆ ಹಿಗ್ಗದಿದ್ದರೂ ಟೈರು ರಿಮ್ಮಿನಿಂದ ಹೊರಬರುವ ಗುಟ್ಟು ಆ ತಗ್ಗಿನಲ್ಲಿದೆ: ಒಂದು ಬದಿ ತಗ್ಗಿಗೆ ಇಳಿದರೆ ಎದುರು ಬದಿಗೆ ಅಷ್ಟು ಸಡಿಲ ಸಿಗುತ್ತದೆ. ಅಲ್ಲಿಗೆ ಸೋಪುನೀರು ಸವರಿ ಎರಡು ಲಿವರ್ ಹಾಕಿ ಮೀಟಿದ. ಬಲ ಹಾಕಿದ್ದು ಬಹಳ ಕಡಿಮೆ. ಹೊಸ ಟೈರಿನ ಬಾಣದ ಗುರುತು ಚಕ್ರ ಓಡುವ ದಿಕ್ಕಿಗಿದೆಯೇ ಎಂದು ಎರಡು ಸಲ ನೋಡಿ ಕೂರಿಸಿದ. ಗಾಳಿ ಏರಿದಾಗ ಎರಡೂ ಅಂಚುಗಳು ಟಪ್ ಟಪ್ ಎಂದು ಜಾಗಕ್ಕೆ ಬಿದ್ದವು. ಅಳಿಯ ಗೇಜ್ ಇಟ್ಟ. 32.

ನನ್ನ ಹಳೆಯ ಟೈರು ಗೋಡೆಗೆ ಒರಗಿತ್ತು. ಅದರೊಳಗಿನಿಂದ ಲಾರಿ ಹುಡುಗ ಕೊಟ್ಟ ತುಂಡನ್ನು ಮೆಕ್ಯಾನಿಕ್ ಎಳೆದು ತೆಗೆದು ನೋಡಿದ. ಸೀಳು ಇದ್ದ ಕಡೆ ಅದರ ನಡು ಸ್ವಲ್ಪ ಉಬ್ಬಿತ್ತು, ಹರಿದಿರಲಿಲ್ಲ. “ಇದು ಬೇಕಾ?” ಎಂದ. ಬೇಕು ಎಂದು ತೆಗೆದು ಟೂಲ್ ಚೀಲಕ್ಕೆ ಹಾಕಿಕೊಂಡೆ. ಟೈರನ್ನು ಅವನಿಗೇ ಬಿಟ್ಟೆ. ಅವನು ಅದನ್ನು ಮಣೆಯ ಮೇಲೆ ಮಲಗಿಸಿ, ಚಾಕುವನ್ನು ಸೋಪುನೀರಿಗೆ ಅದ್ದಿ, ಸೀಳಿನಿಂದ ದೂರ, ದಾರ ಗಟ್ಟಿಯಾಗಿದ್ದ ಕಡೆ ನೋಡಿ, ಅಂಗೈ ಅಗಲದ ಮೊದಲ ತುಂಡನ್ನು ಕೊಯ್ಯಲು ಶುರುಮಾಡಿದ.